ನಾಲಿಗೆಯ ಮೇಲೊಂದು ಕಹಿ ಕಾಗದ

ಆದೋನಿಯ ನಮ್ಮ ಓಣಿಯ ಹುಡುಗರಿಗೆ ಅನುವಂಶೀಯತೆ ಕಲಿಸಿಯೇ ತೀರುತ್ತೇನೆಂದು ಶಪಥ ಮಾಡಿದೆ! ಪ್ರಾಣಿಶಾಸ್ತ್ರ ಓದಿ ಕಚೇರಿಯ ಕಡತಗಳ ಧೂಳು ಕುಡಿಯುತ್ತಿದ್ದರೂ ನನ್ನೊಳಗಿನ ವಿಜ್ಞಾನಿ ಇನ್ನೂ ಸತ್ತಿರಲಿಲ್ಲ.

"ಪುಸ್ತಕ ಬ್ಯಾಡ, ಪರೀಕ್ಷಾ ಬ್ಯಾಡ. ಮಾಳಿಗಿ ಮ್ಯಾಲೆ ಬರೇ ಪ್ರಯೋಗ!" ಎಂದೆ.

"ಮತ್ತ ಹಪ್ಪಳ ಎಲ್ಲಿ ಒಣಗಿಸ್ಲಿ?" ಎಂದಳು ಹೆಂಡತಿ ವಿಷ್ಣುಪ್ರಿಯಾ. ಮಹಾಕಾರ್ಯಗಳಿಗೆ ಹಪ್ಪಳ ಅಡ್ಡಬರಬಾರದು!

ಭಾನುವಾರ ಮಕ್ಕಳು ಕಿವಿಯ ಹಾಲೆ ಹಿಡಿದು ನೋಡಿದರು, ನಾಲಿಗೆ ಸುರುಳಿ ಸುತ್ತಿದರು. ಕೊನೆಗೆ ನನ್ನ ಬ್ರಹ್ಮಾಸ್ತ್ರ: ಔಷಧ ಸವರಿದ ಕಾಗದದ ತುಂಡು. ನಾಲಿಗೆಗೆ ತಾಗಿದರೆ ಕೆಲವರಿಗೆ ವಿಪರೀತ ಕಹಿ, ಕೆಲವರಿಗೆ ಬರೀ ಕಾಗದ. ಹತ್ತಿ ವ್ಯಾಪಾರಿ ಮರಿಬಸಪ್ಪನ ಮಗಳು ಸುಷ್ಮಾ, "ಥೂ, ಕಹಿ ಸಾರ್! ಪೂರಾ ಚೇದು!" ಎಂದು ಕನ್ನಡ, ತೆಲುಗು ಎರಡರಲ್ಲೂ ಉಗುಳಿದಳು.

"ತಂದಿ-ತಾಯಿ ಇಬ್ಬರಿಗೂ ಕಹಿ ಹತ್ತಲಿಲ್ಲ ಅಂದ್ರ ಮಕ್ಕಳಿಗೆ ಹತ್ತೂದು ಸಾಧ್ಯನ ಇಲ್ಲ!" ಎಂದು ಘೋಷಿಸಿದೆ. ಅಪವಾದಗಳೂ ಉಂಟೆಂಬುದನ್ನು ಗತ್ತಿಗಾಗಿ ನುಂಗಿಕೊಂಡೆ. ಮನೆಯವರಿಗೆಂದು ಎಲ್ಲರಿಗೂ ಕಾಗದ ಹಂಚಿದೆ.

ಸಂಜೆ ಮರಿಬಸಪ್ಪ ಮೆಟ್ಟಿಲು ಹತ್ತಿ ಬಂದ. ಹಿಂದೆ ಹೆಂಡತಿ ಹೂವಮ್ಮ, ಅತ್ತು ಕಣ್ಣು ಊದಿಸಿಕೊಂಡ ಸುಷ್ಮಾ.

"ವಾದೀಂದ್ರಾಚಾರ್ರೆ, ನನಗೂ ಏನೂ ಹತ್ತಿಲ್ಲ, ಈಕಿಗೂ ಹತ್ತಿಲ್ಲ. ಮಗಳಿಗೆ ಮಾತ್ರ ಕಹಿ ಐತಂತ. ಹಂಗಂದ್ರ ಈ ಹುಡುಗಿ ಯಾರ ಮಗಳ್ರಿ?"

ನುಂಗಿದ್ದ ಅಪವಾದವನ್ನು ಈಗ ಹೊರಗೆ ತೆಗೆದೆ. "ಒಮ್ಮೊಮ್ಮೆ ಹಿಂಗೂ ಆಗ್ತದ್ರಿ..."

"ಸಾಧ್ಯನ ಇಲ್ಲ ಅಂದೀರಂತಲ್ಲ!"

ಅಷ್ಟರಲ್ಲಿ ಹೂವಮ್ಮ ತಲೆ ಎತ್ತಿದಳು. "ನನಗ ಹತ್ತಿತ್ರಿ. ವಾಂತಿ ಬರೋವಷ್ಟು ಕಹಿ."

"ಮತ್ತ ಏನೂ ಇಲ್ಲ ಅಂದಿ?"

"ನೀವು ಮೊದಲ ಏನೂ ಇಲ್ಲ ಅಂದ್ರಿ. ನೀವು ಅಂದಮ್ಯಾಲೆ ನಾನು ಯಾವತ್ತರ ಬ್ಯಾರೆ ಅಂದೀನೇನ್ರಿ? ಇವತ್ತು ಸುಮ್ಮನಿದ್ರ ನನ್ನ ಮಗಳಿಗೆ ಅಪ್ಪನ ಇಲ್ಲದಂಗ ಆಗ್ತಿತ್ತು. ಅದಕ್ಕ ಅಂದೆ."

ಮರಿಬಸಪ್ಪ ಪಕ್ಕದ ಮನೆಯ ನೀರಿನ ಟ್ಯಾಂಕನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಸುಷ್ಮಾ ಅವ್ವನ ಕೈ ಹಿಡಿದುಕೊಂಡು ಕೆಳಗಿಳಿದಳು. ಅಪ್ಪನಿಗಾಗಿ ಕಾಯಲಿಲ್ಲ.

ಅವರು ಹೋದದ್ದೇ ನನಗೆ ಜೀವ ಬಂತು. "ನೋಡಿದ್ಯಾ? ವಿಜ್ಞಾನ ಗೆದ್ದಿತು! ಎಂಥೆಂಥಾ ಗಂಡಂದಿರು ಇರ್ತಾರ, ಪಾಪ!" ಎಂದು ವಿಷ್ಣುಪ್ರಿಯಾಳ ಕೈಗೊಂದು ಕಾಗದವಿತ್ತೆ. "ನೀನೂ ನೋಡು. ನನಗಂತೂ ಏನೂ ಇಲ್ಲ, ಬರೇ ಕಾಗದ."

ಅವಳು ನಾಲಿಗೆಗಿಟ್ಟುಕೊಂಡಳು. ಮುಖ ಒಂದು ಕ್ಷಣ ಹಿಂಡಿದಂತಾಗಿ, ತಕ್ಷಣ ಸರಿಹೋಯಿತು.

"ಹೌದ್ರಿ, ಏನೂ ಇಲ್ಲ. ಬರೇ ಕಾಗದ," ಎಂದು ಕೆಳಗೆ ಹೋದಳು.

ಬಚ್ಚಲಲ್ಲಿ ಅವಳು ಬಾಯಿ ಮುಕ್ಕಳಿಸುವ ಸದ್ದು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ!