ಮಿಠಾಯಿ ಬೀರುವಿನಲ್ಲಿ ಹೊನ್ನಾಳಿ ಮೀನು

ಜಗಳೂರಿಗೆ ತುಂಗಭದ್ರೆಯನ್ನು ಮೊಟ್ಟಮೊದಲು ತಂದವರು ಯಾರು ಗೊತ್ತೆ? ಮೈಸೂರು ಸರ್ಕಾರದ ಇಂಜಿನಿಯರುಗಳಲ್ಲ, ನಮ್ಮ ಭಾವ! ಅದೂ ಬಸ್ಸಿನಲ್ಲಿ, ಎರಡು ಹಿತ್ತಾಳೆ ಕೊಡಗಳಲ್ಲಿ, ಮೀನಿನ ಸಮೇತ! ಇಂಥ ಮಹಾಕಾರ್ಯಕ್ಕೆ ಊರಿನವರು ಒಂದು ಹೂವಿನ ಹಾರವನ್ನಾದರೂ ಹಾಕಿದರೆ? ಎಲ್ಲಿಯದು! ಎಂಟು ದಿನ ಅವರ ಮನೆಯ ಮುಂದೆ ತುದಿಗಾಲಲ್ಲಿ ನಡೆಯಬೇಕಾಯಿತಲ್ಲ ಎಂದು ಬೈದುಕೊಂಡರು, ಅಷ್ಟೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಜಗಳೂರಿನ ಪೇಟೆಬೀದಿಯಲ್ಲಿ ಪಟಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದರು. ಆಡಿದ ಮಾತನ್ನು ಆಡಿದ ಹಾಗೆಯೇ ತೆಗೆದುಕೊಳ್ಳುವುದು ಅವರ ಹುಟ್ಟುಗುಣ. ಹೊಸ ಅಳಿಯನಾಗಿ ಹೊನ್ನಾಳಿಯ ನಮ್ಮ ಮನೆಗೆ ಬಂದಾಗ ನನ್ನ ತಾಯಿ, ಎಲ್ಲ ಅತ್ತೆಯರೂ ಹೇಳುವಂತೆ, "ಸಂಕೋಚ ಮಾಡ್ಕೋಬ್ಯಾಡ್ರಿ, ನಿಮ್ಮ ಮನೆ ಅಂತ್ಲೇ ತಿಳ್ಕಳ್ರಿ" ಎಂದರು. ಅಮ್ಮ ಒಳಗೆ ಹೋಗಿ ನಾಲ್ಕು ಹೋಳಿಗೆ ಬೇಯಿಸಿ ಬರುವಷ್ಟರಲ್ಲಿ ಭಾವ ಏಣಿಯ ಮೇಲಿದ್ದರು! ನಡುಮನೆಯ ಪಟಗಳನ್ನೆಲ್ಲ ಇಳಿಸಿ, ಮೊಳೆ ಕಿತ್ತು, ತಮ್ಮ ಮನಸ್ಸಿಗೆ ಬಂದ ಹಾಗೆ ಮತ್ತೆ ನೇತುಹಾಕುತ್ತಿದ್ದರು. ನಮ್ಮ ತಾತನ ಫೋಟೋ ಬಚ್ಚಲಮನೆಯ ಬಾಗಿಲ ಮೇಲೆ ಹೋಗಿ ಕುಳಿತಿತು. ಎಲ್ಲ ಪಟಗಳೂ ಬಗ್ಗಿ ಏನೋ ಹುಡುಕುತ್ತಿರುವವರ ಹಾಗೆ ಮುಂದಕ್ಕೆ ವಾಲಿದ್ದವು.

"ಪಟ ಮುಂದಕ್ಕೆ ಬಾಗಿದ್ರೇ ನೋಡೋರ ಕಣ್ಣಿಗೆ ಬೀಳೋದು" ಎಂಬುದು ಭಾವನ ಸಿದ್ಧಾಂತ. ಪಟಕ್ಕೆ ಇದು ಸರಿಯೇ. ಆದರೆ ಭಾವ ಒಂದು ಸಿದ್ಧಾಂತ ಹಿಡಿದರೆ ಅದನ್ನು ಪಟಕ್ಕಷ್ಟೇ ಬಿಡುವವರಲ್ಲ.

ಇನ್ನು ನಮ್ಮ ಅಕ್ಕ. ಅವಳು ಹೊಳೆಯ ದಂಡೆಯ ಹೆಣ್ಣು. ಹೊನ್ನಾಳಿಯ ಹೊಳೆ ಮೆಟ್ಟಿಲ ಮೇಲೆ ಕುಳಿತು ಮೀನುಗಳಿಗೆ ಮಂಡಕ್ಕಿ ಹಾಕುತ್ತ ಬೆಳೆದವಳು. ಜಗಳೂರಿನಲ್ಲೋ, ಒಂದು ಕೊಡ ಸಿಹಿನೀರಿಗೆ ಊರಾಚೆಯ ಬಾವಿಗೆ ಹೋಗಬೇಕು. ಆ ವರ್ಷ ಗೌರಿಹಬ್ಬಕ್ಕೆ ತವರಿಗೆ ಬಂದವಳು ದೀಪಾವಳಿ ಕಳೆದರೂ ಹೊರಡಲಿಲ್ಲ, ಸಂಕ್ರಾಂತಿ ಕಳೆದರೂ ಹೊರಡಲಿಲ್ಲ. ಅಪ್ಪ ಮಾತು ಕಡಿಮೆ ಮಾಡಿದರು. ನೆರೆಯ ಹೆಂಗಸರು "ಮಗಳು ಇನ್ನೂ ಇಲ್ಲೇ ಅದಾಳಾ?" ಎಂದು ಕೇಳುವುದಕ್ಕಾಗಿಯೇ ದಿನಕ್ಕೊಬ್ಬರಂತೆ ಹಾಲಿಗೆ ಹೆಪ್ಪು ಬೇಕೆಂದು ಬರತೊಡಗಿದರು. ಹೆಂಡತಿಯನ್ನು ಕರೆದೊಯ್ಯಲು ಮೂರನೆಯ ಸಲ ಬಂದ ಭಾವನಿಗೆ ಅಕ್ಕ ಬಾಗಿಲ ಮರೆಯಿಂದಲೇ ಹೇಳಿಬಿಟ್ಟಳು:

"ನಿಮ್ಮೂರಾಗೆ ನೀರೊಳಗೆ ಮೀನು ಓಡಾಡೋದು ನನ್ನ ಕಣ್ಣಿಗೆ ಕಂಡ ದಿನ ಬರ್ತೀನಿ, ಹೋಗ್ರಿ!"

ಹಾಗೆಂದರೆ ಬರುವುದಿಲ್ಲ ಎಂದರ್ಥ. ಇದು ಯಾರಿಗೆ ತಿಳಿಯುವುದಿಲ್ಲ? ಅಪ್ಪ ತಲೆ ತಗ್ಗಿಸಿದರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಭಾವ ಮಾತ್ರ ಜೇಬಿನಿಂದ ಸೀಸದಕಡ್ಡಿ ತೆಗೆದರು.

"ಎಷ್ಟು ಮೀನು?"

"ಇಪ್ಪತ್ತೊಂದು!" ಎಂದು ಅಕ್ಕ ರೇಗಿ ಬಾಗಿಲು ಹಾಕಿಕೊಂಡಳು. ಭಾವ ಬರೆದುಕೊಂಡು, ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದರು.

ನಾನು ಆಗಷ್ಟೇ ಮಾಸ್ತರಿಕೆಗೆ ಸೇರಿದ್ದೆ. ಬೇಸಿಗೆ ರಜ ಬಂದ ಕೂಡಲೇ ಅಪ್ಪ, "ಅಳಿಯಂದ್ರಿಗೆ ತಲೆ ನೆಟ್ಟಗೈತಾ ನೋಡ್ಕಂಡು ಬಾ" ಎಂದು ನನ್ನನ್ನು ಜಗಳೂರಿಗೆ ಅಟ್ಟಿದರು. ಹೋಗಿ ನೋಡುತ್ತೇನೆ, ಪಡಸಾಲೆಯಲ್ಲಿ ಒಂದು ಆಳುದ್ದದ ಗಾಜಿನ ಬೀರು ಅಂಗಾತ ಮಲಗಿದೆ! ಯುದ್ಧದ ಕಾಲ, ಸಕ್ಕರೆಗೆ ರೇಷನ್. ಬೀದಿಯ ಮಿಠಾಯಿ ಅಂಗಡಿ ಮುಚ್ಚಿತ್ತು. ಅದರ ಯಜಮಾನರ ಮನೆಯ ಪಟಗಳಿಗೆಲ್ಲ ಹೊಸ ಕಟ್ಟು ಹಾಕಿಕೊಟ್ಟು ಭಾವ ಈ ಬೀರು ಹೊಡೆದುಕೊಂಡು ಬಂದಿದ್ದರು. ಸಂದಿಗಳಿಗೆಲ್ಲ ರಾಳ ಮತ್ತು ಡಾಂಬರು ಮೆತ್ತಿದ್ದರು. ಜಿಲೇಬಿ ಕೂತ ಜಾಗದಲ್ಲಿ ಇನ್ನು ಮೀನು ಈಜಬೇಕು!

ಅದಕ್ಕೆ ಸ್ಟ್ಯಾಂಡು ಮಾಡಲು ಬಡಗಿ ರಸೂಲ್ ಸಾಬರು ಬಂದಿದ್ದರು.

"ಹಿಂದಿನ ಕಾಲು ಎರಡು ಬೆರಳು ಉದ್ದ ಬಿಡ್ರಿ ಸಾಬ್ರೇ" ಎಂದರು ಭಾವ.

"ಯಾಕ್ರೀ ಸ್ವಾಮಿ?"

"ಮುಂದಕ್ಕೆ ಬಾಗಬೇಕು. ಆಗ್ಲೇ ಚೆಂದ ಕಾಣೋದು."

"ಪಟದಾಗಿನ ದೇವ್ರು ಬಾಗಿದ್ರೂ ಬೀಳಾಕಿಲ್ಲ ಕಣ್ರೀ, ನೀರು ಬೀಳ್ತೈತೆ!"

ಭಾವ ಕೇಳಿಯಾರೇ? ಸಾಬರು ಸೋತು ಉಳಿ ಕೈಗೆತ್ತಿಕೊಂಡರು. "ಮಾಡಿಕೊಡ್ತೀನಿ. ಯಾರು ಮಾಡಿದ್ದು ಅಂತ ಕೇಳಿದ್ರೆ ಮಾತ್ರ ನನ್ನ ಹೆಸರು ಹೇಳಬ್ಯಾಡ್ರಿ!"

ಮೀನು ಹೊನ್ನಾಳಿಯದೇ ಆಗಬೇಕು, ಅದರಲ್ಲೂ ಅಕ್ಕ ಕೂರುವ ಮೆಟ್ಟಿಲ ಹತ್ತಿರದ್ದೇ ಆಗಬೇಕು ಎಂದು ಭಾವನ ಹಟ. ನಾವಿಬ್ಬರೂ ಅಕ್ಕನಿಗೆ ಕಾಣದಂತೆ ಹೊಳೆಗಿಳಿದು, ಅವಳದೇ ಹಳೆಯ ಸೀರೆಯನ್ನು ಬಲೆ ಮಾಡಿ, ಮಂಡಕ್ಕಿ ಎರಚಿ, ಬೆರಳುದ್ದದ ಇಪ್ಪತ್ತೊಂದು ಮೀನು ಹಿಡಿದೆವು. ಮೀನಿನ ವಾಸನೆಗೇ ಮೂಗು ಮುಚ್ಚುವ ಮನೆತನ ನಮ್ಮದು! ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬಳು ಬಿಟ್ಟ ಬಾಯಿ ಮುಚ್ಚಲಿಲ್ಲ.

ಬಸ್ಸಿನ ಕಥೆ ಹೇಳುವುದೇ ಬೇಡ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದ ದಿನಗಳು ಅವು. ದಾವಣಗೆರೆ ದಾಟಿ ಸ್ವಲ್ಪ ದೂರ ಬಂದದ್ದೇ ಬಸ್ಸು ಬುಸುಗುಟ್ಟಿ ನಿಂತಿತು. ಕ್ಲೀನರು ಒಳಗೆ ಇಣುಕಿ ನಮ್ಮ ಕೊಡ ಕಂಡು ಹಲ್ಲುಬಿಟ್ಟ.

"ಇಂಜಿನ್ ಕಾದೈತೆ ಸ್ವಾಮಿ, ಒಂದು ಕೊಡ ನೀರು ಕೊಡ್ರಿ."

"ಇದು ಕೊಡೋ ನೀರಲ್ಲ ಕಣಯ್ಯ, ಇದರಾಗೆ ಸಂಸಾರ ಐತೆ!" ಎಂದು ಭಾವ ಕೊಡ ತಬ್ಬಿಕೊಂಡರು. ಯಾರ ಸಂಸಾರ ಎಂದು ಅವನು ಕೇಳಲಿಲ್ಲ. ಇಡೀ ಬಸ್ಸಿನವರು ಇಳಿದು ತಳ್ಳಿದರು. ಭಾವ ಮತ್ತು ಮೀನುಗಳು ಮಾತ್ರ ಕುಳಿತೇ ಇದ್ದರು.

ಜಗಳೂರು ತಲುಪಿದ ಮೇಲೆ ಬೀರು ತುಂಬಬೇಕಲ್ಲ, ಇನ್ನೂ ಇಪ್ಪತ್ತು ಕೊಡ ನೀರು ಬೇಕಾಯಿತು. ಬಾವಿಯಿಂದ ಹೆಗಲ ಮೇಲೆ ಕೊಡ ಹೊತ್ತು ಬರುವ ಗಂಡಸನ್ನು ಕಂಡು ಹೆಂಗಸರು ನಕ್ಕಿದ್ದೇ ನಕ್ಕಿದ್ದು. "ಹೆಂಡ್ತಿ ಇರೋವಾಗ ಕಲೀಬೇಕಿತ್ತು ಅಣ್ಣಾರೇ!" ಎಂದು ಒಬ್ಬಳು ಕೂಗಿದಳು. ಭಾವ ಏದುಸಿರು ಬಿಡುತ್ತ ನಡೆದರು. ನಾನು ಒಂದು ಕೊಡ ಹೊರುತ್ತೇನೆಂದರೆ ಬಿಡಲಿಲ್ಲ.

ಅಂತೂ ಮೀನು ನೀರಿಗಿಳಿದವು. ಹಳೆಯ ತುಪ್ಪದ ಜಿಡ್ಡು ಮೇಲೆ ತೇಲಿದರೂ ಅವು ಬೇಸರಪಡಲಿಲ್ಲ. ನೋಡಲು ಊರೇ ನೆರೆಯಿತು. ಆದರೆ ಬೀರು ಮುಂದಕ್ಕೆ ಬಾಗಿತ್ತಲ್ಲ, ಪಕ್ಕದಿಂದ ನೋಡಿದರೆ ಗಾಜಿನ ಅಂಚು ಒಂದು ದಿಕ್ಕು, ನೀರಿನ ಗೆರೆ ಇನ್ನೊಂದು ದಿಕ್ಕು. ಬಂದವರೆಲ್ಲ ಕತ್ತು ಓರೆ ಮಾಡಿಕೊಂಡು ನೋಡಿ, ಹಾಗೇ ಓರೆಯಾಗಿಯೇ ಮನೆಗೆ ಹೋದರು.

"ಭಾವ, ನೀರು ಓರೆಯಾಗೈತಲ್ಲ?" ಎಂದೆ.

"ನೀರಲ್ಲಿ ತಪ್ಪಿಲ್ಲ. ಹೊನ್ನಾಳಿದು, ಸ್ವಲ್ಪ ಸೊಕ್ಕು" ಎಂದರು. ತವರಿನವನಾದ ನಾನು ಇದಕ್ಕೆ ಏನು ಹೇಳಲಿ!

ಇಷ್ಟಕ್ಕೇ ನಿಂತಿದ್ದರೆ ಬೀರುವೂ ನಿಲ್ಲುತ್ತಿತ್ತೇನೋ. ಹಾಲಿಡುವ ಗೂಡಿನ ಕಾಲುಗಳ ಕೆಳಗೆ ಇರುವೆ ಹತ್ತದಂತೆ ನೀರಿನ ಬಟ್ಟಲು ಇಡುತ್ತಾರಲ್ಲ, ಭಾವ ಮೀನಿನ ಸ್ಟ್ಯಾಂಡಿಗೂ ಇಟ್ಟರು! ನೀರಿನೊಳಗಿರುವ ಮೀನನ್ನು ಯಾವ ಇರುವೆ ಹೊತ್ತುಕೊಂಡು ಹೋಗುತ್ತದೆ, ನೀವೇ ಹೇಳಿ! ದಿನಾ ಬೆಳಿಗ್ಗೆ ಬಟ್ಟಲು ತುಳುಕುವಷ್ಟು ನೀರು ಹೊಯ್ಯುವರು. ಸಗಣಿ ಸಾರಿಸಿದ ಮಣ್ಣಿನ ನೆಲ. ಅದು ಮೆತ್ತಗಾಗುತ್ತ ಹೋಯಿತು. ಮೊದಲೇ ಮುಂದಕ್ಕೆ ಬಾಗಿದ್ದ ಬೀರು ಬಟ್ಟಲು ಸಮೇತ ಇನ್ನಷ್ಟು ಬಾಗಿತು. ಭಾವ ಕಾರಣ ಹುಡುಕಿದರು. ಪಕ್ಕದ ಮನೆಯವರು ಮೆಣಸಿನಕಾಯಿ ಕುಟ್ಟುವುದರಿಂದ ಎಂದರು, ಕುಟ್ಟುವುದು ನಿಂತಿತು. ಎತ್ತಿನ ಗಾಡಿಯಿಂದ ಎಂದರು, ಗಾಡಿಗಳು ಹಿಂದಿನ ಬೀದಿಗೆ ತಿರುಗಿದವು. ನಡೆಯುವವರ ಹೆಜ್ಜೆಯಿಂದ ಎಂದರು, ಊರೇ ತುದಿಗಾಲಲ್ಲಿ ನಡೆಯಿತು. ಕೊನೆಗೆ ಮನೆಯೊಳಗೆ ಸೀನುವುದನ್ನೂ ನಿಷೇಧಿಸಿದರು. ನೆಲ ಒದ್ದೆಯಾಗಿದೆ ಎಂದು ರಸೂಲ್ ಸಾಬರು ಬೆರಳಿಟ್ಟು ತೋರಿಸಿದರೆ, "ಬೆವರಿರಬೇಕು, ಬೇಸಿಗೆ ಅಲ್ವಾ?" ಎಂದರು!

ಇನ್ನು ತಡಮಾಡಿದರೆ ಕೆಟ್ಟೆವೆಂದು ನಾನು ಹೊನ್ನಾಳಿಗೆ ಓಡಿದೆ. ಸುದ್ದಿ ಕೇಳಿ ಅಕ್ಕ ಮೊದಲು ನಕ್ಕಳು, ಆಮೇಲೆ ನಂಬಲಿಲ್ಲ, ಆಮೇಲೆ ಒಂದು ಸೀರೆಯ ಗಂಟು ಕಟ್ಟಿಕೊಂಡಳು.

"ನೋಡಿ ಬರ್ತೀನಿ, ಅಷ್ಟೇ. ಹೋದ ಬಸ್ಸು ತಿರುಗಿ ಹೊರಡೋ ಹೊತ್ತಿಗೆ ನಾನೂ ಹೊರಡಾಕಿ."

ನಾವು ಜಗಳೂರಿನಲ್ಲಿ ಇಳಿದಾಗ ಮಧ್ಯಾಹ್ನ. ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಭಾವ ಬೀರುವಿನ ಎದುರು ಗಾಜಿಗೆ ಕೆನ್ನೆಯೊತ್ತಿ, ಅದನ್ನು ಎರಡೂ ಕೈಯಲ್ಲಿ ತಬ್ಬಿ ನಿಂತಿದ್ದರು. ಸ್ಟ್ಯಾಂಡಿನ ಮುಂದಿನ ಕಾಲುಗಳು ಗೇಣುದ್ದ ನೆಲದೊಳಗೆ ಹೋಗಿದ್ದವು. ಪಂಚೆಯೆಲ್ಲ ಒದ್ದೆ. ರಸೂಲ್ ಸಾಬರು ಪಕ್ಕದಲ್ಲಿ ಒಂದು ತೊಲೆಯನ್ನು ಆನಿಸಿ ಹಿಡಿದಿದ್ದರು.

"ಬೆಳಿಗ್ಗೆಯಿಂದ ಹಿಂಗೇ ನಿಂತವ್ರೆ ತಾಯಿ" ಎಂದರು ಸಾಬರು. "ನೀರು ತೆಗೆದು ಹಗುರ ಮಾಡಾನ ಅಂದ್ರೆ, ಆಕೆ ನೋಡೋ ತನಕ ಒಂದು ಚೊಂಬೂ ತೆಗಿಬ್ಯಾಡ್ರಿ ಅಂತಾರೆ."

ಭಾವ ತಿರುಗಿ ನೋಡುವಂತಿರಲಿಲ್ಲ. "ಬಂದ್ಯಾ? ಆ ಕಡೆಯಿಂದ ನೋಡು, ಬೇಗ. ಇಪ್ಪತ್ತೊಂದೂ ಅದಾವೆ. ಎಣಿಸ್ಕೋ."

ಅಕ್ಕ ಪಕ್ಕದ ಗಾಜಿನ ಬಳಿ ಬಗ್ಗಿದಳು. ಮೀನುಗಳು ಅವಳ ಮುಖದೆದುರು ಹಾದುಹೋದವು. ಅವಳು ಎಣಿಸಲಿಲ್ಲ. ಮೀನುಗಳ ಆಚೆ ಗಾಜಿಗೆ ಒತ್ತಿ ಚಪ್ಪಟೆಯಾಗಿದ್ದ ಗಂಡನ ಕೆನ್ನೆಯನ್ನೇ ನೋಡುತ್ತಿದ್ದಳು.

"ಕಂಡ್ವಾ?"

"ಕಂಡ್ವು."

"ಹಂಗಾದ್ರೆ ಸರಿ" ಎಂದರು ಭಾವ. ಅವರ ದನಿ ಸಣ್ಣದಾಯಿತು. "ಇರು ಅಂತ ನಾನು ಬಲವಂತ ಮಾಡಾಕಿಲ್ಲ. ಬಾವಿ ಭಾಳ ದೂರ ಐತೆ. ನೀನು ದಿನಾ ಹೊರ್ತಿದ್ದೆ, ನನಗೆ ಗೊತ್ತೇ ಇರ್ಲಿಲ್ಲ."

ಎಂಟು ದಿನದಿಂದ ಹೊಟ್ಟೆ ಹಿಡಿದು ನಗುತ್ತಿದ್ದ ನನಗೆ ಆಗ ನಗು ಬರಲಿಲ್ಲ. ಕೊಡ ತಂದು ಬೀರುವಿನ ನೀರು ಮೊಗೆಯತೊಡಗಿದೆ. ಅಕ್ಕ ಸೀರೆಯ ಗಂಟನ್ನು ಗೂಟಕ್ಕೆ ಸಿಕ್ಕಿಸಿ, ಸೆರಗು ಬಿಗಿದು, ಭಾವನ ಪಕ್ಕದಲ್ಲಿ ಬೀರುವಿಗೆ ಹೆಗಲು ಕೊಟ್ಟು ನಿಂತಳು. ಅಷ್ಟರಲ್ಲಿ ಪೇಟೆಬೀದಿಯಿಂದ ಬಸ್ಸಿನ ಹಾರ್ನ್ ಎರಡು ಸಲ ಕೇಳಿಸಿತು.

"ಅಕ್ಕಾ, ಬಸ್ಸು!" ಎಂದೆ.

"ನೀನು ಹೋಗು" ಎಂದಳು ಅಕ್ಕ, ಕದಲದೆ. "ಅಮ್ಮಂಗೆ ಹೇಳು, ನನ್ನ ಸೀರೆಗಳ್ನೆಲ್ಲ ಕಳಿಸ್ಲಿ."