ನನ್ನ ಡ್ರೈವರಿಗೆ ಮಾವನ ‘ಇದು ಯಾಕ?’

ನಮ್ಮ ಸೋದರಮಾವನ ಕೈಗೆ ನೀವು ಬರೆದದ್ದು ಯಾವುದನ್ನೂ ಕೊಡಬೇಡಿ. ಲಗ್ನಪತ್ರಿಕೆ ಕೊಟ್ಟರೂ ಅದರ ತಪ್ಪು ತಿದ್ದಿಸುವವರೆಗೆ ಮದುವೆಗೆ ಬರುವ ಪೈಕಿ ಅಲ್ಲ ಅವರು! ಕೊಟ್ಟು ಕೆಟ್ಟವಳು ನಾನು. ಕೊಟ್ಟದ್ದು ಒಂದು ಬಸ್ ಡ್ರೈವರ್.

ಮಕ್ತಲಿನಿಂದ ರಾಯಚೂರಿಗೆ ಹೋಗುವ ಬಸ್ಸಿನದಲ್ಲ, ಗಾಬರಿಯಾಗಬೇಡಿ. ಹೊಲದ ಪಂಪಿಗೆ ಕೂರಿಸುವ ಸಣ್ಣ ಬೋರ್ಡನ್ನು ನಾವೊಂದಿಷ್ಟು ಜನ ಸೇರಿ ತಯಾರಿಸುತ್ತೇವೆ. ಅದರಲ್ಲೊಂದು ಪ್ರೊಸೆಸರ್. ನೀರಿನ ಮಟ್ಟ ಹೇಳುವ ಚಿಪ್ಪು, ಮೋಟಾರಿನ ಬಿಸಿ ಹೇಳುವ ಚಿಪ್ಪು, ಗಡಿಯಾರದ ಚಿಪ್ಪು, ಎಲ್ಲವೂ ಅದರೊಡನೆ ಮಾತಾಡುವುದು ಒಂದೇ ಜೋಡಿ ತಂತಿಯ ಮೇಲೆ. ಆ ತಂತಿಗಳಿಗೆ ಬಸ್ ಎನ್ನುತ್ತಾರೆ, ಮಾತುಕತೆ ನಡೆಸಿಕೊಡುವ ಪ್ರೋಗ್ರಾಮಿಗೆ ಡ್ರೈವರ್. ಹಳೆಯ ಡ್ರೈವರ್ ಬರೆದವರು ಗದ್ವಾಲದ ನಮ್ಮ ಮಾವ. ಹೊಸ ಪ್ರೊಸೆಸರಿಗಾಗಿ ಅದನ್ನು ಮೊದಲಿನಿಂದ ತಿರುಗಿ ಬರೆದವಳು ಮಕ್ತಲಿನ ನಾನು. ಮಾವ ‘ಆಗಲಿ’ ಅನ್ನದೆ ಒಂದು ಸಾಲೂ ಬೋರ್ಡಿಗೆ ಹೋಗುವಂತಿಲ್ಲ. ಈ ನಿಯಮ ಮಾಡಿದವರು ಯಾರು? ಮಾವನೇ!

ತಿಂಗಳುಗಟ್ಟಲೆ ಬರೆದದ್ದನ್ನು ಮೇಲ್ ಮಾಡಿದೆ. ಲೋಕದ ಜನ ಏನು ಮಾಡುತ್ತಾರೆ? ಓದಿ, ತಪ್ಪಿದ್ದ ಕಡೆ ಒಂದು ಮಾತು ಬರೆದು ಕಳಿಸುತ್ತಾರೆ. ಮಾವ ಫೋನ್ ಮಾಡಿ, ಗದ್ವಾಲಕ್ಕೆ ಬಂದು ಓದಿ ಹೇಳು ಅಂದರು. ಓದಿ ಹೇಳುವುದೇ? ಪ್ರೋಗ್ರಾಮನ್ನು? ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಧರೂರಿನ ದಾರಿಯ ಗುಂಡಿಗಳನ್ನೆಲ್ಲ ಹಾರಿಸಿಕೊಂಡು ಹೋದೆ. ಮಾವ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ, “ಓದು” ಅಂದರು.

ಓದಿದೆ. ಆವರಣ ತೆರೆಯಿತು, ಆವರಣ ಮುಚ್ಚಿತು, ಸೊನ್ನೆಗಿಂತ ದೊಡ್ಡದಾದರೆ ಹೀಗೆ, ಇಲ್ಲದಿದ್ದರೆ ಹಾಗೆ. ಪಕ್ಕದ ಮನೆಯ ಅಜ್ಜಿ ಯಾವುದೋ ಪುರಾಣ ನಡೆದಿದೆ ಎಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಬಂದು, ಕೈಮುಗಿದು ಕೂತುಬಿಟ್ಟಳು. ಅತ್ತೆ ಅವಳ ಕೈಗೆ ಸಕ್ಕರೆ ಹಾಕಿ ಕಳಿಸಬೇಕಾಯಿತು! ಮಾವನಿಗೆ ಇದಾವುದರ ಪರಿವೆಯೂ ಇಲ್ಲ. ಸಾಲಿಗೊಮ್ಮೆ ಒಂದೇ ಪ್ರಶ್ನೆ: “ಇದು ಯಾಕ?” ಈ ಹೆಸರು ಯಾಕೆ, ಈ ಲೆಕ್ಕ ಯಾಕೆ, ಇಲ್ಲಿ ಕಾಯುವುದು ಯಾಕೆ. ಗಂಟಲು ಒಣಗಿತು, ತಲೆ ಕಾದಿತು. ಅರ್ಧ ದಾರಿಯಲ್ಲಿ ತಟ್ಟನೆ ತಡೆದರು.

“ನಾ ಬರದಿದ್ದರಾಗ ಇಲ್ಲೊಂದು ತುಂಡು ಇತ್ತಲ್ಲ, ಏನಾತು?”

“ತಗದೀನ್ರಿ ಮಾಮಾ. ಅದರ ಕೆಲಸ ಒಮ್ಮಿನೂ ಬಿದ್ದಿಲ್ಲ.”

“ಹಂಗಾದ್ರ ಆಗಾಂಗಿಲ್ಲ.”

ಕಾರಣ? ಕಾರಣವಿಲ್ಲ! ಚಹಾ ಕುಡಿದು ಹೋಗು ಅಂದರು. ನನ್ನ ಮೈಯೆಲ್ಲ ಉರಿಯಿತು. ತಾವು ಬರೆದದ್ದನ್ನು ಅಳಿಸಿದಳೆಂದು ಹೊಟ್ಟೆಕಿಚ್ಚು, ಇನ್ನೇನು? ಈ ಮಾತನ್ನು ಅವ್ವನಿಗೆ ಹೇಳಿದೆ, ಜೊತೆಯವರಿಗೆ ಹೇಳಿದೆ, ಕೇಳುವವರು ಮುಗಿದ ಮೇಲೆ ಬಸ್ಸಿನ ಕಿಟಕಿಗೂ ಹೇಳಿದೆ.

ಮುಂದಿನ ಭೇಟಿ ನಾರಾಯಣಪೇಟೆಯಲ್ಲಿ, ಬಳಗದವರ ಮದುವೆಯ ಊಟದ ಪಂಕ್ತಿಯಲ್ಲಿ. ನಮ್ಮವರಲ್ಲಿ ಪಂಕ್ತಿಯ ಹಿರಿಯರು ಏಳದೆ ಮಿಕ್ಕವರು ಏಳುವಂತಿಲ್ಲ. ಅಂದಿನ ಹಿರಿಯರು ಮಾವ, ಅವರ ಪಕ್ಕ ನಾನು. ಹೋಳಿಗೆಯ ಹೊತ್ತಿಗೆ ನನ್ನ ತಾಳ್ಮೆ ಮುಗಿಯಿತು. ನನ್ನ ಡ್ರೈವರಿನಲ್ಲಿ ತಪ್ಪೇನಿದೆ ಎಂದು ಕೇಳಿಯೇಬಿಟ್ಟೆ.

ಮಾವ ತುತ್ತನ್ನು ಎಲೆಯ ಮೇಲೆ ಇಳಿಸಿ, ಕೈಯನ್ನು ಅಲ್ಲೇ ಊರಿ ಕೂತರು. ಉಣ್ಣಲೂ ಇಲ್ಲ, ಏಳಲೂ ಇಲ್ಲ. ಉಳಿದವರದು ಮಜ್ಜಿಗೆ ಅನ್ನವೂ ಮುಗಿಯಿತು. ಬೆರಳಿನ ಮೇಲೆ ಅನ್ನ ಒಣಗತೊಡಗಿತು. ಮುಂದಿನ ಪಂಕ್ತಿಯವರು ಬೆನ್ನ ಹಿಂದೆ ಬಂದು ನಿಂತರು. ಹೆಣ್ಣಿನ ತಂದೆ ಓಡಿಬಂದು, ಹೋಳಿಗೆ ಕೆಟ್ಟಿದೆಯೇ ಎಂದು ಕೇಳಿದರು. ಮಾವ ತುಟಿ ಬಿಚ್ಚಲಿಲ್ಲ. ಜನ ಕೆಂಗಣ್ಣು ಬಿಟ್ಟದ್ದು ಯಾರ ಮೇಲೆ? ನನ್ನ ಮೇಲೆ! ಕೊನೆಗೆ ಅತ್ತೆ ಬಂದು, “ಏಳ್ರಿ, ಸಾಕು ಏಳ್ರಿ” ಎಂದು ಭುಜವನ್ನು ಮೆಲ್ಲಗೆ ತಟ್ಟಿದಳು. ಒಮ್ಮೆ ತಟ್ಟಿದರೆ ಆಗಲಿಲ್ಲ, ತಟ್ಟುತ್ತಲೇ ಹೋದಳು. ಮಾವ ಕೈ ಎತ್ತಿದರು. ಇಡೀ ಪಂಕ್ತಿ ಧಡಧಡ ಎದ್ದಿತು.

ಕೈ ತೊಳೆಯುವಲ್ಲಿ ಮಾವ ಹೇಳಿದರು: “ಒಂದು ಚಿಪ್ಪು ತಂತಿ ಹಿಡಕೊಂಡು ಕುಂತ್ರ ಉಳದಾವೂ ಹಿಂಗ ಕುಂದರತಾವು. ಅದನ್ನ ತಟ್ಟಿ ಬಿಡಸಾಕ ಆ ತುಂಡು. ನೀ ತಗದಿದ್ದು ನಿಮ್ಮತ್ತೀನ್ನ!”

ಸರಿ, ತಪ್ಪು ನನ್ನದೇ. ಆದರೆ ಇಷ್ಟನ್ನು ಹೇಳಲು ಒಂದು ಮದುವೆಯನ್ನೇ ತಡೆದು ನಿಲ್ಲಿಸಬೇಕೇ? ಇ-ಮೇಲಿನಲ್ಲಿ ಎರಡು ಸಾಲು ಬರೆದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಅತ್ತೆಯ ಮುಂದೆ ಹರಿಹಾಯ್ದೆ. ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡಳು.

“ಬರಿಯಾಕ ಅಕ್ಷರ ಕಾಣಬೇಕಲ್ಲವಾ. ಹ್ವಾದ ವರ್ಷದಿಂದ ಕಾಣಾಂಗಿಲ್ಲ. ಡಾಕ್ಟರೂ ಕೈಚೆಲ್ಲ್ಯಾರ. ನಿನಗ ಹೇಳಬ್ಯಾಡ ಅಂದಿದ್ರು.”

ನನ್ನ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಕಣ್ಣು ಮುಚ್ಚಿ ಕೂತು ಕೇಳಿದ್ದನ್ನು ನಾನು ದೊಡ್ಡಸ್ತಿಕೆ ಅಂದುಕೊಂಡಿದ್ದೆ.

ಆ ತುಂಡನ್ನು ಮರಳಿ ಸೇರಿಸಿಕೊಂಡು ಗದ್ವಾಲಕ್ಕೆ ಹೋದೆ. ಮೊದಲಿನಿಂದ ಕೊನೆಯವರೆಗೆ, ಒಂದು ಆವರಣವನ್ನೂ ಬಿಡದೆ ಓದಿದೆ. ಸಾಲು ಸಾಲಿಗೂ ‘ಇದು ಯಾಕ’ ಇದ್ದೇ ಇತ್ತು. ಮುಗಿದ ಮೇಲೆ ಮಾವ ‘ಆಗಲಿ’ ಅಂದರು. ಆಮೇಲೆ, ಫೈಲಿನ ತಲೆಯ ಮೇಲೆ ಬರೆದವರ ಹೆಸರಿನ ಜಾಗದಲ್ಲಿ ತಮ್ಮ ಹೆಸರು ಅಳಿಸಿ ನನ್ನದು ಹಾಕಲು, ಹಾಕಿ ಮೊದಲಿನಿಂದ ಓದಲು ಹೇಳಿದರು. ನನ್ನ ಹೆಸರು ಟೈಪ್ ಮಾಡಿ, ಅಲ್ಲಿಂದಲೇ ಗಟ್ಟಿಯಾಗಿ ಓದಿದೆ.

“ಅಳಸಿದ ಕೀ ಸಪ್ಪಳ ಕೇಳಲಿಲ್ಲ,” ಅಂದರು ಮಾವ. “ಮ್ಯಾಲಿನ ಸಾಲು ಓದು.”

ಮೇಲಿನ ಸಾಲಿನಲ್ಲಿ ಅವರ ಹೆಸರು ಇದ್ದ ಹಾಗೇ ಇತ್ತು. ಓದಿದೆ.

“ಇದು ಯಾಕ?”

“ಅದು ಇರಬೇಕ್ರಿ, ಮಾಮಾ.”

ಮಾವ ಮುಚ್ಚಿದ ಕಣ್ಣನ್ನು ಅಂಗೈಯಿಂದ ಒರೆಸಿಕೊಂಡು, “ಮುಂದ ಓದು” ಅಂದರು.