ಅಕ್ಕನ ತಲೆ ಕೆಡಿಸಿದ ಇಂಜಿನ್ ಸಾಹೇಬರಿಗೆ

ಸೊಲ್ಲಾಪುರದ ಬಂದಾದ ಮಿಲ್ಲಿನ ಗೇಟಿನೆದುರು, ಸಿಮೆಂಟಿನ ಕಟ್ಟೆಯ ಮೇಲೆ, ಹೊಸದಾಗಿ ಹಸಿರು ಬಣ್ಣ ಹೊಡೆಸಿಕೊಂಡು ವಿರಾಜಮಾನರಾಗಿರುವ ಸಣ್ಣ ಉಗಿ ಇಂಜಿನ್ ಸಾಹೇಬರ ಸನ್ನಿಧಿಗೆ, ಅಲ್ಲಿಂದ ಎರಡೇ ಗಲ್ಲಿ ಆಚೆ ವಾಸಿಸುವ, ಟಾವೆಲ್ ಕಾರಖಾನೆಯಲ್ಲಿ ಮಗ್ಗ ನೋಡಿಕೊಳ್ಳುವ ಶಿವಶರಣ ಧೂಳಪ್ಪ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿರುವುದನ್ನು ದಿನಾ ಕಣ್ಣಾರೆ ಕಾಣುತ್ತಿದ್ದೇನೆ. ನಾನು ಕ್ಷೇಮವಾಗಿಲ್ಲ, ಮತ್ತು ಅದಕ್ಕೆ ಕಾರಣ ತಾವೇ ಎಂಬುದನ್ನು ಊರ ಹತ್ತು ಜನ ಓದುವಂತೆ ಬರೆಯಬೇಕಾಗಿ ಬಂದದ್ದಕ್ಕೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು.

ತಮ್ಮ ದೊಡ್ಡಸ್ತಿಕೆಯ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಭಾರೀ ಭಾರೀ ಇಂಜಿನ್ನುಗಳು ನೀರಿಗೂ ಕಲ್ಲಿದ್ದಲಿಗೂ ಹಿಂದೆ ಬೇರೊಂದು ಬಂಡಿ ಕಟ್ಟಿಕೊಂಡು ತಿರುಗುತ್ತಿದ್ದ ಕಾಲದಲ್ಲಿ, ತಾವು ಎರಡೂ ಪಕ್ಕೆಗೆ ನೀರಿನ ಟಾಕಿ ಹೊತ್ತು, ಬೆನ್ನಿಗೆ ಕಲ್ಲಿದ್ದಲು ಹೇರಿಕೊಂಡು, ಸ್ಟೇಶನ್ನಿನಿಂದ ಮಿಲ್ಲಿಗೆ ಹತ್ತಿ ತುಂಬಿದ ವ್ಯಾಗನ್ನುಗಳನ್ನು ಎಳೆದವರು. ತಮ್ಮ ಹೊಟ್ಟೆಗೆ ಇಪ್ಪತ್ತೆರಡು ವರ್ಷ ಕಲ್ಲಿದ್ದಲು ಹಾಕಿದ ಫೈರ್‌ಮನ್ ಧೂಳಪ್ಪ ನಮ್ಮ ಅಪ್ಪ. ಖಂಡೇನವಮಿಯ ಆಯುಧಪೂಜೆಯ ದಿನ ಬೀರೋಬಾ ದೇವರ ಅರಿಶಿನದ ಭಂಡಾರವನ್ನು ಮೊದಲು ತಮ್ಮ ಹಣೆಗೆ ಹಚ್ಚಿ, ಉಳಿದದ್ದನ್ನು ಮಕ್ಕಳಾದ ನಮಗೆ ಹಚ್ಚುತ್ತಿದ್ದರು. ಆ ಬಗ್ಗೆಯೂ ನನ್ನ ತಕರಾರಿಲ್ಲ.

ತಕರಾರು ಮೊನ್ನೆಯ ನಾಗಪಂಚಮಿಯದು. ವಾಗದರಿಗೆ ಕೊಟ್ಟ ನನ್ನ ಅಕ್ಕ ಬೀರವ್ವನನ್ನು ಪಂಚಮಿಗೆ ಪ್ರತಿವರ್ಷ ನಾನೇ ಹೋಗಿ ತವರಿಗೆ ಕರೆತರುವುದು ವಾಡಿಕೆ; ನಾನು ಅವಳ ಹೊಸ್ತಿಲಲ್ಲಿ ನಿಂತು ‘ನಡಿ ಅಕ್ಕಾ, ಮನಿಗಿ’ ಅಂದ ಮೇಲೆಯೇ ಅವಳು ಚೀಲ ಎತ್ತುವುದು. ಈ ವರ್ಷ ಕಾರಖಾನೆಯಲ್ಲಿ ಕೆಲಸ ಜೋರಿತ್ತು. ಫೋನಿನಲ್ಲಿ, ‘ಅಕ್ಕಾ, ಈಗ ಸರಕಾರಿ ಯಸ್ಟಿ ಬಸ್ಸಿನ್ಯಾಗ ಹೆಣ್ಮಕ್ಕಳಿಗಿ ಅರ್ಧ ಟಿಕೀಟ ಐತಿ, ನೀನ ಬಂದುಬಿಡು’ ಎಂದೆ. ಬಹಳ ಶಾಣ್ಯಾತನದ ಮಾತು ಆಡಿದೆನೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆ ಕಡೆಯಿಂದ ‘ಹೂಂ’ ಎಂಬುದಷ್ಟೇ ಕೇಳಿಸಿತು.

ಅಕ್ಕ ಬಂದಳು. ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ, ಅರ್ಧವೇ ಸಾಕೆಂದ ಕಂಡಕ್ಟರನ ಜೊತೆ ಜಗಳವಾಡಿ ಪೂರ್ತಿ ಟಿಕೀಟನ್ನೇ ಹರಿಸಿಕೊಂಡು ಬಂದಳಂತೆ. ಆದರೆ ನಮ್ಮ ಮನೆಗೆ ಬರಲಿಲ್ಲ. ತಮ್ಮ ಪಕ್ಕೆಯ ನೆರಳಲ್ಲಿ ಕೂತು, ವಾಗದರಿಯಿಂದ ಕಟ್ಟಿಕೊಂಡು ಬಂದ ಬುತ್ತಿ ಬಿಚ್ಚಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಉಂಡು, ತನ್ನ ಬಾಟಲಿಯ ನೀರು ಕುಡಿದಳು. ಯಾರೋ ನೋಡಿ ಹೇಳಿದರೆಂದು ನನ್ನ ಹೆಂಡತಿ ಛಾಯಾ ಪಂಚಮಿಯ ಉಂಡಿ ಡಬ್ಬಿ, ನೀರಿನ ತಂಬಿಗೆ ಹಿಡಿದು ಓಡಿದಳು. ಅಕ್ಕ ಎರಡನ್ನೂ ಮುಟ್ಟದೆ ತಮ್ಮತ್ತ ಬೆರಳು ಮಾಡಿ ಹೇಳಿದ್ದಿಷ್ಟು: ‘ಈ ಇಂಜಿನ್ ನೋಡವಾ. ತನ್ನ ನೀರ ತಾ ಹೊತ್ತೈತಿ, ತನ್ನ ಬೆಂಕಿ ತಾ ಹೊತ್ತೈತಿ. ಯಾರು ಕರೀತಾರ ಅಂತ ಕಾಯಾಕ ಹೋಗಿಲ್ಲ. ನಾನೂ ಇನ್ನ ಹಂಗ ಇರ್ತೀನಿ. ಮುಂದ ಪಂಚಮಿಗಿ ಬರೂದಿಲ್ಲಂತ ನಿನ್ನ ಗಂಡಗ ಹೇಳು.’ ಹಾಗೆಂದು ಮುಂದಿನ ಬಸ್ಸಿಗೆ ವಾಪಸಾದಳು. ಉಂಡಿಗಳು ಇನ್ನೂ ಡಬ್ಬಿಯಲ್ಲೇ ಇವೆ. ನನಗಂತೂ ಅವನ್ನು ತಿನ್ನುವ ಮುಖವಿಲ್ಲ.

ಒಂದೂ ಮಾತಾಡದೆ ಒಬ್ಬ ಹೆಣ್ಣುಮಗಳಿಗೆ ತವರು ಬಿಡುವಷ್ಟು ಸ್ವಾಭಿಮಾನ ಕಲಿಸಿದ ತಮ್ಮ ಪಾಂಡಿತ್ಯಕ್ಕೆ ಶರಣು. ಆದ್ದರಿಂದ ತಾವೇ ಕಟ್ಟೆ ಇಳಿದು ವಾಗದರಿಗೆ ದಯಮಾಡಿಸಿ, ಅವಳ ಬಾಗಿಲಲ್ಲಿ ಒಂದು ಸೀಟಿ ಊದಿ, ನನ್ನ ಪರವಾಗಿ ‘ನಡಿ ಅಕ್ಕಾ, ಮನಿಗಿ’ ಎನ್ನಬೇಕೆಂದು ವಿನಂತಿ. ಆ ಊರಿಗೆ ಹಳಿಯಿಲ್ಲ, ತಮಗೆ ಈಗ ಸೀಟಿಯೂ ಇಲ್ಲ. ಆದರೆ ಯಾರ ಹಂಗೂ ಇಲ್ಲದ ತಮ್ಮಂಥವರಿಗೆ ಇವೆಲ್ಲ ಯಾವ ಲೆಕ್ಕ?

ಅದೂ ಆಗದಿದ್ದರೆ ಕನಿಷ್ಠ ನಿಜ ಹೇಳಿ, ಸಾಹೇಬರೇ. ಆ ಟಾಕಿಗೆ ನೀರನ್ನು ತಾವೇ ತುಂಬಿಕೊಂಡಿರಾ? ತಮ್ಮ ಮೈಮೇಲೇರಿ ನೀರಿನ ಪೈಪು ಹಿಡಿದವರು ಅಪ್ಪ, ಸಲಿಕೆ ಹಿಡಿದವರೂ ಅಪ್ಪ. ಅಪ್ಪ ಒಂದು ಪಾಳಿ ಬರದಿದ್ದರೆ ತಾವು ಬರೀ ಕಬ್ಬಿಣದ ಸಾಮಾನು. ಇನ್ನು ಆ ಅಪ್ಪನಿಗೆ ಮಧ್ಯಾಹ್ನ ಬುತ್ತಿ ತರುತ್ತಿದ್ದವಳು ಹತ್ತು ವರ್ಷದ ನನ್ನ ಅಕ್ಕ. ತಲೆಯ ಮೇಲೆ ಬುತ್ತಿಗಂಟು, ಒಂದು ಕೈಯಲ್ಲಿ ನೀರಿನ ತಂಬಿಗೆ, ಸೊಂಟದ ಮೇಲೆ ನಾನು. ತಾವು ಹೊತ್ತದ್ದು ತಮ್ಮ ನೀರು, ತಮ್ಮ ಕಲ್ಲಿದ್ದಲು ಮಾತ್ರ; ಅವಳು ನನ್ನನ್ನೂ ಹೊತ್ತಿದ್ದಳು. ಅಪ್ಪ ಕೈ ತೊಳೆದು ಬರುವಷ್ಟರಲ್ಲಿ ತಮ್ಮ ಇದೇ ಪಕ್ಕೆಯ ನೆರಳಲ್ಲಿ ಕೂತು ಮೊದಲ ತುತ್ತು ನನ್ನ ಬಾಯಿಗೆ ಇಡುತ್ತಿದ್ದಳು. ಮೊನ್ನೆ ಅಲ್ಲಿಯೇ ಅವಳು ಒಬ್ಬಳೇ ಕೂತು ಉಂಡಳು.

ಈ ಬಗ್ಗೆ ತಾವು ಶೀಘ್ರ ಕ್ರಮ ಕೈಗೊಳ್ಳುವಿರೆಂದು ನಂಬಿರುವ,

ಅರ್ಧ ಬುದ್ಧಿಯ, ಪೂರ್ತಿ ನಮ್ರತೆಯ
ತಮ್ಮ ವಿಶ್ವಾಸಿ,
ಶಿವಶರಣ ಧೂಳಪ್ಪ

ತಾ.ಕ.: ಅಕ್ಕನ ಕಿವಿಗೆ ಬೀಳಲೆಂದೇ ಈ ಪತ್ರವನ್ನು ಅವಳ ಮಗಳು ದೀಪಾಲಿಗೆ ಫೋನಿನಲ್ಲಿ ಓದಿ ಹೇಳಿದೆ. ಪಕ್ಕದಿಂದ ಅಕ್ಕನ ದನಿ ಬಂತು: ‘ಕಬ್ಬಿಣಕ್ಕ ಇಷ್ಟುದ್ದ ಕಾಗದ ಬರ್ಯಾಕ ಪುರಸೊತ್ತ ಐತಿ ಅವಗ. ವಾಗದರಿಗಿ ಬರಾಕ ಇಲ್ಲ.’ ಆದಕಾರಣ ಮೇಲಿನ ಎಲ್ಲ ವಿನಂತಿಗಳನ್ನು ವಾಪಸು ಪಡೆದಿದ್ದೇನೆ. ತಾವು ಕಟ್ಟೆಯ ಮೇಲೆಯೇ ಸುಖವಾಗಿರಿ. ನಾಳೆ ಬೆಳಗಿನ ಮೊದಲ ಬಸ್ಸಿಗೆ ನಾನೇ ಹೊರಟಿದ್ದೇನೆ. ಬುತ್ತಿ ಕಟ್ಟಿಕೊಂಡಿಲ್ಲ, ಬಾಟಲಿಯಲ್ಲಿ ನೀರೂ ತುಂಬಿಕೊಂಡಿಲ್ಲ. ಅಕ್ಕನ ಹೊಸ್ತಿಲಲ್ಲಿ ನಿಂತು ಮೊದಲು ಒಂದು ತಂಬಿಗೆ ನೀರು ಕೇಳುತ್ತೇನೆ.